ಫಕೀರಪ್ಪನ ಎಡ ಮೊಣಕಾಲು

ನನ್ನ ಕೋಣೆಯ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ಮೂವತ್ತೊಂದು ವರ್ಷ ನೋಡಿದ್ದೇನೆ. ರೋಗಿ ಒಳಗೆ ಬಂದು ಮಂಚದ ಮೇಲೆ ಕೂತ ಮೇಲೆ, ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋಗುತ್ತಿದ್ದೆ. ಅವನ ಚಪ್ಪಲಿಗಳನ್ನು ಎತ್ತಿ ಅಡಿಭಾಗ ನೋಡುತ್ತಿದ್ದೆ. ವರ್ಷಗಟ್ಟಲೆ ಕುಂಟುವವನ ಎರಡು ಚಪ್ಪಲಿಗಳು ಒಂದೇ ರೀತಿ ಸವೆಯುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮನುಷ್ಯನ ಬಾಯಿ ನಂಬಬಾರದು ಎಂದು ಮೊದಲ ವರ್ಷವೇ ತೀರ್ಮಾನಿಸಿಕೊಂಡವಳಿಗೆ ಇಂಥ ಉಪಾಯಗಳು ತಾವಾಗಿಯೇ ಹೊಳೆಯುತ್ತವೆ.

ನಾನು ಫಿಜಿಯೋಥೆರಪಿಸ್ಟ್ ಆಗಿದ್ದೆ. ನರಗುಂದದಲ್ಲಿ ಶುರು ಮಾಡಿ, ಗಜೇಂದ್ರಗಡದಲ್ಲಿ ಬಹಳ ಕಾಲ ಇದ್ದು, ರೋಣದಲ್ಲಿ ನಿವೃತ್ತಳಾದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೈಯಾರೆ ಹಿಡಿದು ನೋಡಿದ್ದನ್ನು ನೋಡಿದ್ದು ಎಂದು, ಬೇರೆಯವರಿಂದ ಕೇಳಿದ್ದನ್ನು ಕೇಳಿದ್ದು ಎಂದು ಬರೆದಿದ್ದೇನೆ. ಮುಖ್ಯ ಘಟನೆ ಈ ಮೂರು ಊರುಗಳಲ್ಲಿ ಯಾವುದರದು ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಅದರಲ್ಲಿ ತಪ್ಪಿದವಳು ನಾನು, ಊರಲ್ಲ.

ನಾನು ಬಂದಾಗ ಫಿಜಿಯೋಥೆರಪಿ ಎಂದರೆ ಏನೆಂದು ಆ ಕಡೆ ಯಾರಿಗೂ ಗೊತ್ತಿರಲಿಲ್ಲ. ನನ್ನನ್ನು "ತಿಕ್ಕೋ ಅಕ್ಕಾರು" ಎಂದು ಕರೆಯುತ್ತಿದ್ದರು. ಮೊದಲ ವಾರ ಬಂದ ಒಬ್ಬ ಮುದುಕಿ ಮಂಚ ಹತ್ತುವ ಮೊದಲೇ ಕೇಳಿದಳು: "ಎಣ್ಣಿ ನೀವ ಕೊಡ್ತೀರ್ಯೋ, ನಾವ ತರಬೇಕ್ರ್ಯೋ?" ಎಣ್ಣೆ ಬೇಡವಮ್ಮ ಎಂದೆ. "ಎಣ್ಣಿ ಇಲ್ದ ತಿಕ್ಕಿಸ್ಕೊಳ್ಳಾಕ ನಾ ಏನ ಕಟ್ಟಗಿ ಏನ್ರಿ?" ಎಂದು ಇಳಿದು ಹೋಗಿಬಿಟ್ಟಳು.

ಕೈಕಾಲಿನ ಕೀಲುಗಳ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೀಲಿನಲ್ಲಿ ಎರಡು ಎಲುಬುಗಳ ತುದಿಗಳು ನುಣ್ಣನೆಯ ಹೊದಿಕೆ ಹೊದ್ದು ಎದುರುಬದುರಾಗಿ ಕೂತಿರುತ್ತವೆ. ನಡುವೆ ಮೊಟ್ಟೆಯ ಬಿಳಿಯಂಥ ಸ್ವಲ್ಪ ಲೋಳೆ ಇರುತ್ತದೆ. ಅವು ಒಂದರಿಂದ ಒಂದು ಜಾರಿ ಹೋಗದಂತೆ ಎಲುಬಿನಿಂದ ಎಲುಬಿಗೆ ಕಟ್ಟಿದ ಪಟ್ಟಿಗಳೇ ಬಂಧಗಳು, ಅಂದರೆ ಲಿಗಮೆಂಟುಗಳು. ನೊಗವನ್ನು ಬಂಡಿಯ ಮೂಕಿಗೆ ಬಿಗಿಯುವ ಮಿಣಿಯ ಹಾಗೆ. ನಮ್ಮ ಭಾಗದಲ್ಲಿ ಇವನ್ನೂ, ಸ್ನಾಯುವಿನ ತುದಿಯನ್ನೂ, ರಕ್ತನಾಳವನ್ನೂ ಸೇರಿಸಿ ಎಲ್ಲವನ್ನೂ "ನರ" ಎನ್ನುತ್ತಾರೆ. ಮೊಣಕಾಲಿನಲ್ಲಿ ಮುಖ್ಯವಾಗಿ ನಾಲ್ಕು ಬಂಧಗಳಿವೆ. ಎರಡು ಅಕ್ಕಪಕ್ಕದಲ್ಲಿ, ಎರಡು ಒಳಗೆ ಒಂದನ್ನೊಂದು ಅಡ್ಡ ಹಾಯ್ದು. ಒಳಗಿನ ಎರಡರಲ್ಲಿ ಮುಂದಿನದು ನನ್ನ ಕಿರುಬೆರಳಿಗಿಂತ ದೊಡ್ಡದಲ್ಲ. ಮೊಣಕಾಲ ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ನಿಂತ ಕಾಲಿನ ಮೇಲೆ ಮೈ ತಿರುಗಿದಾಗ ಮೊಣಕಾಲು ಹೊರಳದಂತೆ ಹಿಡಿದಿಡುವುದು ಅದೇ. ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ. ಈ ಬಂಧ ಕಾಣುವುದಿಲ್ಲ.

ಕುರಿಯ ಮೊಣಕಾಲಿನಲ್ಲೂ ಇವು ಇವೆ. ಮೊದಲ ವರ್ಷ ನಾನು ಮಾಂಸದ ಅಂಗಡಿಯಿಂದ ಕುರಿಯ ಕೀಲು ತಂದು, ಚಾಕುವಿನಿಂದ ಒಂದೊಂದೇ ಬಂಧ ಕತ್ತರಿಸಿ, ಯಾವುದು ಹೋದರೆ ಎಲುಬು ಎತ್ತ ಜಾರುತ್ತದೆ ಎಂದು ನೋಡಿಕೊಂಡೆ. ಅಂಗಡಿಯವನು ನನ್ನ ಮನೆಯವರನ್ನು ಹಿಡಿದು ಕೇಳಿದನಂತೆ: "ಅಕ್ಕಾರು ಮಾಂಸ ಬ್ಯಾಡ, ಬರೇ ಕೀಲ ಕೊಡು ಅಂತಾರ. ಏನರ ಮಾಟ ಮಾಡ್ತಾರೇನ್ರಿ?" ಅನುಮಾನ ನನ್ನೊಬ್ಬಳ ಸೊತ್ತಾಗಿರಲಿಲ್ಲ.

ನನ್ನ ಮೇಲಿನವರು ಒಬ್ಬ ಎಲುಬಿನ ಡಾಕ್ಟರು. ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಕೈ ಒಳ್ಳೆಯದು, ಬಾಯಿ ಬಿರುಸು. ಹೊಡೆದಾಟದ ಕೇಸುಗಳನ್ನು ನೋಡಿ ನೋಡಿ ಅವರಿಗೆ ಮನುಷ್ಯರ ಮೇಲೆ ನಂಬಿಕೆ ಹೋಗಿತ್ತು. "ಇವ್ರ ಕಥಿ ಕೇಳಕೋತ ಕುಂಡ್ರಬ್ಯಾಡ್ರಿ. ಕೀಲು ಹಿಡೀರಿ. ಮನಷ್ಯಾ ಸುಳ್ಳು ಹೇಳ್ತಾನ, ಕೀಲು ಹೇಳಂಗಿಲ್ಲ" ಎನ್ನುತ್ತಿದ್ದರು. ನಾನು ಈ ಮಾತನ್ನು ನಂಬಿದೆ. ಅದರ ಎರಡನೆಯ ಅರ್ಧ ತಪ್ಪು ಎಂದು ತಿಳಿಯಲು ಹನ್ನೊಂದು ವರ್ಷ ಹಿಡಿಯಿತು.

ಚಪ್ಪಲಿಯ ಉಪಾಯ ಒಮ್ಮೆ ಬಹಳ ಚೆನ್ನಾಗಿ ಫಲಿಸಿತು. ಹೊಲ ಪಾಲಾಗುವಾಗ ಅಣ್ಣ ತಳ್ಳಿದ್ದರಿಂದ ಸೊಂಟದ ಕೀಲು ಹೋಗಿದೆ, ಒಂದು ವರ್ಷದಿಂದ ಬಲಗಾಲು ಎಳೆಯುತ್ತಿದ್ದೇನೆ ಎಂದು ಒಬ್ಬ ಬಂದ. ಬಾಗಿಲಿನಿಂದ ಮಂಚದವರೆಗೆ ಚೆನ್ನಾಗಿಯೇ ಎಳೆದ. ಚಪ್ಪಲಿಗಳು ಹಳೆಯವು, ಎರಡೂ ಹಿಮ್ಮಡಿಯ ಹೊರಬದಿಯಲ್ಲಿ ಸಮನಾಗಿ ಸವೆದಿದ್ದವು. ಅವನ್ನು ಕೈಯಲ್ಲಿ ಹಿಡಿದೇ ಒಳಗೆ ಬಂದೆ. ಅವನು ಚಪ್ಪಲಿ ನೋಡಿದ, ನನ್ನನ್ನು ನೋಡಿದ. "ಅವು ನಮ್ಮ ಮಾವನವ್ರಿ" ಎಂದ. ಬಾಗಿಲ ಹೊರಗೆ ನಿಂತಿದ್ದ ಮಾವ, "ಏ, ನನ್ನವು ನನ್ನ ಕಾಲಾಗ ಅದಾವಲ್ಲೋ!" ಎಂದುಬಿಟ್ಟ. ದೊಡ್ಡ ಡಾಕ್ಟರು ಅದನ್ನು ಎಷ್ಟೋ ದಿನ ಹೇಳಿಕೊಂಡು ನಕ್ಕರು. ನನಗೆ ಹೆಮ್ಮೆ ಏರಿತು. ಅಲ್ಲಿಂದ ಮುಂದೆ ಯಾರ ಕೀಲು ಮುಟ್ಟಿದರೂ ಮೊದಲು ಸುಳ್ಳನ್ನೇ ಹುಡುಕುತ್ತಿದ್ದೆ.

ನರೇಗಲ್ಲಿನಿಂದ ಒಮ್ಮೆ ಒಬ್ಬ ತಾಯಿ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಜೊತೆಗೆ ಅತ್ತೆ. ಮಗು ಬಲಗೈ ಜೋತುಬಿಟ್ಟು ಒಂದೇ ಸಮನೆ ಅಳುತ್ತಿತ್ತು. "ಸಂತ್ಯಾಗ ಕೈ ಹಿಡದ ಎಳದೆ, ಅಷ್ಟರಿ" ಎಂದಳು ತಾಯಿ. ನಾನು ನಂಬಲಿಲ್ಲ. ಮಗುವಿನ ಮೈ ಮೇಲೆ ಬೇರೆ ಗುರುತುಗಳಿವೆಯೇ ಎಂದು ಅಂಗಿ ಬಿಚ್ಚಿಸಿ ನೋಡಿದೆ, ಇರಲಿಲ್ಲ. ತಾಯಿ ನೆಲ ನೋಡುತ್ತ ನಿಂತಿದ್ದಳು. ಅವಳು ಹೇಳಿದ್ದು ಖರೆಯಾಗಿತ್ತು. ಸಣ್ಣ ಮಕ್ಕಳ ಮೊಣಕೈಯಲ್ಲಿ ಒಂದು ಎಲುಬಿನ ತಲೆಯನ್ನು ಉಂಗುರದಂಥ ಬಂಧ ಸುತ್ತಿಕೊಂಡಿರುತ್ತದೆ. ಕೈಯನ್ನು ಒಮ್ಮೆಲೇ ಎಳೆದರೆ ಎಲುಬಿನ ತಲೆ ಆ ಉಂಗುರದಿಂದ ತುಸು ನುಣುಚುತ್ತದೆ. ದೊಡ್ಡ ಡಾಕ್ಟರು ಅಂಗೈ ಮೇಲೆ ಮಾಡಿ ಮೊಣಕೈ ಮಡಚಿದರು. ಸಣ್ಣಗೆ ಟಿಕ್ ಎಂದಿತು. ಸ್ವಲ್ಪ ಹೊತ್ತಿಗೆ ಮಗು ಅದೇ ಕೈಯಿಂದ ಬಿಸ್ಕೀಟು ಇಸಿದುಕೊಂಡಿತು. ಅತ್ತೆ ಮಾತ್ರ ನಮ್ಮನ್ನು ದುರುಗುಟ್ಟಿ ನೋಡಿದಳು: "ಮುರದಿದ್ದನ್ನ ಕೂಡಿಸಿದ್ರೋ, ನೀವ ಮುರದ ನೀವ ಕೂಡಿಸಿದ್ರೋ?" ನಾವು ನಕ್ಕೆವು. ತಾಯಿ ನಗಲಿಲ್ಲ. ನಾನು ಅಂಗಿ ಬಿಚ್ಚಿಸಿದ್ದು ಯಾಕೆಂದು ಅವಳಿಗೆ ತಿಳಿದಿತ್ತು.

ಈಗ ಫಕೀರಪ್ಪನ ವಿಷಯ.

ಅವನು ಕಾಳಿನ ಪೇಟೆಯ ಹಮಾಲ. ಮೂಲ ರಾಜೂರ, ವಯಸ್ಸು ಮೂವತ್ತನಾಲ್ಕು. ಹೆಂಡತಿ ದ್ಯಾಮವ್ವ. ಹನ್ನೆರಡು ಹಮಾಲರ ಗ್ಯಾಂಗಿನಲ್ಲಿ ಅವನಿಗೊಂದು ಜಾಗ. ಗ್ಯಾಂಗಿನ ಮುಕಾದಮ, ಅಂದರೆ ಮುಂದಾಳು, ಮುದಕಪ್ಪ. ಅವರಲ್ಲಿ ಒಂದು ಪದ್ಧತಿ ಇತ್ತು. ಯಾರಿಗಾದರೂ ಮೈಗೆ ಪೆಟ್ಟಾದರೆ ಉಳಿದ ಹನ್ನೊಂದು ಮಂದಿ ಅವನ ಪಾಳಿಯ ಚೀಲ ಹೊರುತ್ತಾರೆ, ಅವನ ಜಾಗ ಅವನಿಗೇ ಇರುತ್ತದೆ. ಆದರೆ ದವಾಖಾನೆಯ ಚೀಟಿ ಬೇಕು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಬೇವಿನ ಗಿಡದ ಕೆಳಗೆ ಮುಕಾದಮ ಆ ಚೀಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾನೆ. ಚೀಟಿ ಏನೂ ಆಗಿಲ್ಲ ಎಂದರೆ ಅವನು ಚೀಲ ಹೊರಬೇಕು, ಇಲ್ಲವೇ ಜಾಗ ಬಿಡಬೇಕು.

ಕಡಲೆಯ ಸುಗ್ಗಿಯಲ್ಲಿ ಫಕೀರಪ್ಪ ಚೀಲ ಹೊತ್ತು ಹಲಗೆ ಏರಿ ಲಾರಿಯೊಳಗೆ ತಿರುಗುವಾಗ ಎಡಗಾಲು ಊರಿದ್ದಲ್ಲೇ ಉಳಿಯಿತು, ಮೈ ತಿರುಗಿತು. "ಒಳಗ ಟಕ್ ಅಂತ್ರಿ" ಎಂದು ಹೇಳಿದ. ಒಂದು ತಾಸಿನೊಳಗೆ ಮೊಣಕಾಲು ಊದಿತಂತೆ. ಅವನು ನಮ್ಮಲ್ಲಿಗೆ ಬಂದದ್ದು ಮೂರು ವಾರ ಕಳೆದು. ಬಾವು ಇರುವವರೆಗೆ ಗ್ಯಾಂಗು ಚೀಟಿ ಕೇಳಿರಲಿಲ್ಲ. ಆಗ ಬಾವು ಇಳಿದಿತ್ತು. ನೆಟ್ಟಗೆ ನಡೆದು ಬಂದ. ಎಕ್ಸ್‌ರೇ ಸ್ವಚ್ಛವಾಗಿತ್ತು. ದೊಡ್ಡ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಎಲುಬು ಬಂಗಾರದಂಗ ಐತಿ. ನೀವ ಒಂದ ಸಲ ಹಿಡದ ನೋಡಿ ಚೀಟಿ ಬರದ ಕೊಡ್ರಿ" ಎಂದು ನನ್ನ ಕೋಣೆಗೆ ಕಳಿಸಿದರು.

ಅಂದು ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ.

ಚಪ್ಪಲಿ ನೋಡಿದೆ. ಸಮನಾಗಿ ಸವೆದಿದ್ದವು. ಕುಕ್ಕರುಗಾಲಿನಲ್ಲಿ ಕೂಡಿಸಿದೆ. ಕೂತ, ಎದ್ದ. "ನಡಿಯೂ ಮುಂದ ಏನೂ ಇಲ್ರಿ ಅಕ್ಕಾರ. ಹೊಳ್ಳೂ ಮುಂದ ಮೊಣಕಾಲ ನನ್ನ ಬಿಟ್ಟ ಹೊಕ್ಕೈತಿ" ಎಂದ. ಹೊಳ್ಳುವುದು ಎಂದರೆ ತಿರುಗುವುದು.

ಬಾಗಿಲಲ್ಲಿ ಮುದಕಪ್ಪ ನಿಂತಿದ್ದ. ಅವನ ಹಿಂದೆ ಇಬ್ಬರು ಹಮಾಲರು. "ಸುಗ್ಗ್ಯಾಗ ಎಲ್ಲಾರ ಮೊಣಕಾಲೂ ಹಂಗ ಹೊಕ್ಕಾವ್ರಿ, ಚಾದಂಗಡಿ ಕಡೆ" ಎಂದ ಮುದಕಪ್ಪ. ಇಬ್ಬರೂ ನಕ್ಕರು. ಫಕೀರಪ್ಪ ನಗಲಿಲ್ಲ. ನಾನು ನಕ್ಕೆ. ಅದು ನನಗೆ ನೆನಪಿದೆ.

ಅವನನ್ನು ಮಲಗಿಸಿದೆ. ಧೋತರ ಮೊಣಕಾಲ ಮೇಲಕ್ಕೆ ಸರಿಸಲು ಹೇಳಿದೆ. ಅವನು ಮುಕಾದಮನ ಕಡೆ ನೋಡಿ, ಮುಖ ಗೋಡೆಗೆ ತಿರುಗಿಸಿ ಸರಿಸಿದ. ಪರಸ್ತ್ರೀ ತೊಡೆ ಹಿಡಿಯುವುದು ಅವನಿಗೆ ಅದೇ ಮೊದಲಿರಬೇಕು. ಮೊಣಕಾಲು ತುಸು ಮಡಚಿಸಿ, ಒಂದು ಕೈಯಿಂದ ತೊಡೆ ಹಿಡಿದು, ಇನ್ನೊಂದರಿಂದ ಕೆಳಗಿನ ಎಲುಬನ್ನು ಮುಂದಕ್ಕೆ ಎಳೆದೆ. ಬರಲಿಲ್ಲ. ಮತ್ತೊಮ್ಮೆ ಎಳೆದೆ. ಕಲ್ಲಿನ ಹಾಗೆ ಬಿಗಿ. ಬಂಧ ಹರಿದಿದ್ದರೆ ಎಲುಬು ಮುಂದೆ ಜಾರಲೇಬೇಕು. ಜಾರಲಿಲ್ಲ.

ಮಾಡದೆ ಬಿಟ್ಟದ್ದನ್ನೂ ಬರೆಯಬೇಕು. ಬಲಗಾಲನ್ನು ಹಿಡಿದು ನೋಡಲಿಲ್ಲ. ತೊಡೆಯ ಸುತ್ತಳತೆ ಅಳೆಯಲಿಲ್ಲ. ಬಾಗಿಲು ಹಾಕಲಿಲ್ಲ. ಅವನ ತೊಡೆಯ ಹಿಂಭಾಗದ ಸ್ನಾಯುಗಳು ನನ್ನ ಬೆರಳುಗಳ ಕೆಳಗೆ ಹೇಗಿದ್ದವು ಎಂದು ಗಮನಿಸಲಿಲ್ಲ.

"ಬಿಗಿ ಐತಿ. ಏನೂ ಆಗಿಲ್ಲ" ಎಂದೆ.

"ಅಕ್ಕಾರ, ಇನ್ನೊಮ್ಮೆ ನೋಡ್ರಿ."

"ಎರಡ ಸಲ ನೋಡೇನಿ."

ಚೀಟಿಯಲ್ಲಿ ಬರೆದೆ: ಮೊಣಕಾಲ ಕೀಲು ಬಿಗಿಯಾಗಿದೆ, ಕೆಲಸಕ್ಕೆ ಅಡ್ಡಿಯಿಲ್ಲ. ಮುದಕಪ್ಪ ಅದನ್ನು ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡ. ಮರುದಿನ ಬೇವಿನ ಗಿಡದ ಕೆಳಗೆ ಓದಿದನಂತೆ.

ಎರಡು ದಿನ ಬಿಟ್ಟು ದ್ಯಾಮವ್ವ ಬಂದಳು. "ಅಕ್ಕಾರ, ಎಲ್ಲಾರೂ ಅವ್ರಿಗೆ ಚೀಟಿ ಫಕೀರಪ್ಪ ಅನ್ನಾಕತ್ತಾರ್ರಿ. ನಮ್ಮನಿಯವ್ರು ಸುಳ್ಳ ಹೇಳಾವ್ರಲ್ರಿ. ಹೊಚ್ಚಲ ದಾಟಿ ಹೊಳ್ಳೂ ಮುಂದ ಗ್ವಾಡಿ ಹಿಡೀತಾರ, ನಾ ಕಣ್ಣಾರೆ ನೋಡೇನ್ರಿ" ಎಂದಳು. ಇವಳನ್ನು ಅವನೇ ಕಳಿಸಿದ್ದಾನೆ ಎಂದುಕೊಂಡೆ. ಚೀಟಿ ಬದಲಿಸಲು ಆಗುವುದಿಲ್ಲ ಎಂದೆ. ಅವಳು ವಾದ ಮಾಡಲಿಲ್ಲ. ಅದೂ ನನಗೆ ಅನುಮಾನಕ್ಕೆ ಕಾರಣವಾಯಿತು.

ಮತ್ತೆ ಮೂರು ವಾರಕ್ಕೆ ಫಕೀರಪ್ಪನನ್ನು ತಳ್ಳುಗಾಡಿಯಲ್ಲಿ ತಂದರು. ಹಲಗೆಯ ಮೇಲೆ ತಿರುಗುವಾಗ ಎಡ ಮೊಣಕಾಲು ಕುಸಿದು, ಚೀಲದ ಸಮೇತ ಕೆಳಗೆ ಬಿದ್ದಿದ್ದ. ಎಡಪಾದದ ಮೇಲಿನ ಕಾಲಗಂಟಿನ ಹೊರ ಎಲುಬು ಮುರಿದಿತ್ತು. ಮುದಕಪ್ಪನೇ ಗಾಡಿ ತಳ್ಳಿಕೊಂಡು ಬಂದಿದ್ದ.

ಎಲುಬು ಕೂಡಿಸಲು ದೊಡ್ಡ ಡಾಕ್ಟರು ಬೆನ್ನಿಗೆ ಇಂಜೆಕ್ಷನ್ ಕೊಡಿಸಿದರು. ಸೊಂಟದ ಕೆಳಗೆ ಎಲ್ಲವೂ ಜೋಮುಗಟ್ಟಿತು. ಕಾಲು ಎತ್ತಿ ಹಿಡಿಯಲು ನನ್ನನ್ನು ಕರೆದರು. ನಾನು ಮೊಣಕಾಲ ಕೆಳಗೆ ಒಂದು ಕೈ, ತೊಡೆಯ ಕೆಳಗೆ ಒಂದು ಕೈ ಕೊಟ್ಟು ಎತ್ತಿದೆ.

ಕೆಳಗಿನ ಎಲುಬು ನನ್ನ ಕೈಯಲ್ಲಿ ಮುಂದಕ್ಕೆ ಜಾರಿತು. ಮೇಜಿನ ಖಾನೆ ಹೊರಗೆ ಬಂದ ಹಾಗೆ, ಯಾವ ತಡೆಯೂ ಇಲ್ಲದೆ.

ನಾನು ಹಿಂದಕ್ಕೆ ಒತ್ತಿ ಮತ್ತೆ ಎಳೆದೆ. ಮತ್ತೆ ಜಾರಿತು. ಆಮೇಲೆ, ಮೂರು ವಾರದ ಹಿಂದೆ ಮಾಡಬೇಕಾಗಿದ್ದನ್ನು ಮಾಡಿದೆ. ಬಲ ಮೊಣಕಾಲು ಹಿಡಿದು ಎಳೆದೆ. ಅದೂ ಅಷ್ಟೇ ಜೋಮು ಹಿಡಿದಿತ್ತು. ಆದರೂ ಸ್ವಲ್ಪ ಸರಿದು ಟಕ್ಕನೆ ನಿಂತಿತು. ಒಳಗೆ ಬಂಧ ಹಿಡಿದು ನಿಲ್ಲಿಸಿತು. ಎಡಗಾಲಿನಲ್ಲಿ ನಿಲ್ಲಿಸುವುದು ಏನೂ ಇರಲಿಲ್ಲ.

ಅಂದು ನನ್ನ ಕೋಣೆಯಲ್ಲಿ ಬಿಗಿಯಾಗಿದ್ದದ್ದು ಬಂಧವಲ್ಲ. ಅವನ ತೊಡೆ. ಹೆದರಿದವನು, ನಾಚಿದವನು, ತನ್ನನ್ನು ಯಾರೂ ನಂಬುತ್ತಿಲ್ಲ ಎಂದು ಗೊತ್ತಿದ್ದವನು ತೊಡೆಯ ಹಿಂದಿನ ಸ್ನಾಯುಗಳನ್ನು ಬಿಗಿಹಿಡಿಯುತ್ತಾನೆ. ಆ ಸ್ನಾಯುಗಳು ಕೆಳಗಿನ ಎಲುಬನ್ನು ಹಿಂದಕ್ಕೆ ಜಗ್ಗಿ ಹಿಡಿಯುತ್ತವೆ. ಹರಿದ ಮೊಣಕಾಲು ಗಟ್ಟಿ ಮೊಣಕಾಲಿನ ಹಾಗೆ ಆಡುತ್ತದೆ. ನನ್ನ ಅನುಮಾನ ಅವನ ಕಾಲಿಗೆ ಇಳಿದಿತ್ತು. ಅದನ್ನೇ ನಾನು ಸಾಕ್ಷಿ ಎಂದು ಬರೆದುಕೊಟ್ಟಿದ್ದೆ. ಪುಸ್ತಕದಲ್ಲಿ ಈ ಮಾತು ಇತ್ತು. ಪರೀಕ್ಷೆಗೆ ಓದಿದ್ದೆ, ಬರೆದಿದ್ದೆ.

ಪ್ಲಾಸ್ಟರ್ ಪಟ್ಟಿ ಹಾಕಿದ ಮೇಲೆ ದೊಡ್ಡ ಡಾಕ್ಟರಿಗೆ ಹೇಳಿದೆ. ಅವರೂ ಹಿಡಿದು ನೋಡಿದರು. ಕೈ ತೊಳೆಯುತ್ತ, "ಬಿದ್ದಾಗ ಹರದಿರಬೇಕು. ಹಂಗ ಬರೀರಿ" ಎಂದರು.

"ಸರ್, ತೊಡಿ ಸಣ್ಣ ಆಗೈತಿ."

"ಏನು?"

ಟೇಪು ಹಿಡಿದು ಅಳೆದಿದ್ದೆ. ಮೊಣಕಾಲ ಚಿಪ್ಪಿನಿಂದ ಒಂದು ಗೇಣು ಮೇಲೆ ಎಡ ತೊಡೆ ಬಲ ತೊಡೆಗಿಂತ ಒಂದು ಇಂಚಿಗಿಂತ ಹೆಚ್ಚು ಸಣ್ಣ. ಇವತ್ತು ಬಿದ್ದವನ ತೊಡೆ ಇವತ್ತೇ ಕರಗುವುದಿಲ್ಲ. ಅದಕ್ಕೆ ವಾರಗಳು ಬೇಕು. ಮೊಣಕಾಲಲ್ಲಿ ಹೊಸ ಬಾವೂ ಇರಲಿಲ್ಲ. ಹೊಸದಾಗಿ ಹರಿದಿದ್ದರೆ ಒಳಗೆ ರಕ್ತ ತುಂಬಿ ತಾಸಿನೊಳಗೆ ಊದಬೇಕಿತ್ತು. ಮೊದಲ ಸಲ ಹಾಗೆಯೇ ಆಗಿತ್ತು, ಅವನೇ ಹೇಳಿದ್ದ.

ಅವರು ಬಹಳ ಹೊತ್ತು ಕೈ ಒರೆಸಿಕೊಂಡರು. "ಆ ಚೀಟಿ ಮ್ಯಾಲೆ ನಿಮ್ಮ ಸಹಿ ಐತಿ, ನಂದಲ್ಲ. ನೆಪ್ಪಿರ್ಲಿ" ಎಂದರು.

ನಾನು ಎರಡನೆಯ ಚೀಟಿ ಬರೆದೆ. ಎಡ ಮೊಣಕಾಲಿನ ಒಳಗಿನ ಮುಂದಿನ ಬಂಧ ಪೂರ್ತಿ ಹರಿದಿದೆ, ಹರಿದದ್ದು ಮೊದಲ ಪೆಟ್ಟಿನಲ್ಲಿ, ಹಿಂದಿನ ಚೀಟಿ ತಪ್ಪು. ಅವನನ್ನು ಮನೆಗೆ ಕಳಿಸಿದ ಮರುದಿನ ಬೆಳಿಗ್ಗೆ ಅದನ್ನು ಹಿಡಿದು ನಾನೇ ಪೇಟೆಗೆ ಹೋದೆ. ಫಕೀರಪ್ಪನ ಜಾಗಕ್ಕೆ ಬೇರೊಬ್ಬನನ್ನು ತೆಗೆದುಕೊಳ್ಳುವ ಮಾತು ಆಗಲೇ ನಡೆದಿತ್ತು. ಮೊದಲಿಂದಲೂ ಮೈಗಳ್ಳ, ಕಾಲು ಸಡಿಲ ಬಿಟ್ಟು ಬೇಕಂತಲೇ ಬಿದ್ದ ಎಂದು ಹೇಳುವವರೂ ಇದ್ದರು.

ಮುದಕಪ್ಪ ಚೀಟಿಯನ್ನು ಎಲ್ಲರೆದುರು ಓದಿದ. ಅಕ್ಷರ ಅಕ್ಷರ ಕೂಡಿಸಿ, ನಿಧಾನವಾಗಿ. ಆಮೇಲೆ ಟೊಪ್ಪಿಗೆ ತೆಗೆದು ಅದರೊಳಗಿನ ಹಳೆಯ ಚೀಟಿಯನ್ನೂ ಹೊರತೆಗೆದ. ಎರಡನ್ನೂ ಎರಡು ಕೈಯಲ್ಲಿ ಹಿಡಿದ.

"ಅಕ್ಕಾರ, ಇದನ್ನೂ ನೀವ ಬರದೀರಿ, ಇದನ್ನೂ ನೀವ ಬರದೀರಿ. ಯಾವ್ದನ್ನ ನಂಬೂಣ್ರಿ? ಅವನ ಹೇಣ್ತಿ ನಿಮ್ಮ ಕಡೆ ಬಂದ ಹೋಗ್ಯಾಳ ಅಂತ ಸುದ್ದಿ ಐತಿ."

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಹನ್ನೊಂದು ವರ್ಷ ನಾನು ಕೇಳಿದ್ದೂ ಇಂಥದೇ ಪ್ರಶ್ನೆ. "ಎರಡನ್ನೂ ನಂಬಬ್ಯಾಡ. ನಿನ್ನ ಕೈಯಿಂದ ಹಿಡದ ನೋಡು, ನಡಿ" ಎಂದೆ.

ಪೇಟೆಯ ಹಿಂದಿನ ಓಣಿಯಲ್ಲಿ ಫಕೀರಪ್ಪನ ಮನೆ. ಪಟ್ಟಿ ಮೊಣಕಾಲ ಕೆಳಗಷ್ಟೇ ಇತ್ತು, ಮೊಣಕಾಲು ಬಿಡುವಾಗಿತ್ತು. ಮುಕಾದಮನನ್ನು ಕಂಡೊಡನೆ ಫಕೀರಪ್ಪ ಎದ್ದು ಕೂರಲು ಹೋದ. ನಾನು ಮಲಗಿಸಿದೆ. ಮೊದಲು ಬಲಗಾಲು ಹಿಡಿಸಿದೆ. ಮುದಕಪ್ಪನ ದಪ್ಪ ಬೆರಳುಗಳ ಮೇಲೆ ನನ್ನ ಬೆರಳುಗಳನ್ನು ಇಟ್ಟು ಎಳೆಯಿಸಿದೆ. "ಎಲುಬ ನಿಂತ್ರಿ" ಎಂದ. ಎಡಗಾಲಿಗೆ ಬಂದೆವು. ತೊಡೆ ಕಲ್ಲಾಗಿತ್ತು. ಎಲುಬು ಅಲುಗಲಿಲ್ಲ. ಮುದಕಪ್ಪ ನನ್ನ ಮುಖ ನೋಡಿದ.

"ತಡಿ" ಎಂದೆ. ಮೊಣಕಾಲ ಕೆಳಗೆ ಕೌದಿ ಮಡಚಿ ಇಟ್ಟೆ. ಮುದಕಪ್ಪನ ಒಂದು ಕೈಯನ್ನು ತೊಡೆಯ ಕೆಳಗೆ ಇರಿಸಿ, "ಈಗ ನೀ ಅವನ ಕೂಡ ಮಾತಾಡು" ಎಂದೆ.

"ಏನ ಮಾತಾಡ್ಲ್ರಿ?"

"ಏನರ."

ಮುದಕಪ್ಪ ಫಕೀರಪ್ಪನ ಕಡೆ ತಿರುಗಿ, "ನಿನ್ನೆ ಕಡ್ಲಿ ಬಂದಿತ್ತಲೇ. ಎಲ್ಲಾ ಹಸಿ. ಚೀಲ ಹೊತ್ರ ಬೆನ್ನ ಮ್ಯಾಲೆ ಮೊಳಕಿ ಬರ್ತಾವು, ಹಂಗಿತ್ತು" ಎಂದ.

ಫಕೀರಪ್ಪ, "ಹಂಗಾರ ಸಂಜೀಕ ಉಸುಳಿ ಮಾಡೂದಿತ್ತು" ಎಂದ. ಒಲೆಯ ಮುಂದಿದ್ದ ದ್ಯಾಮವ್ವ ಕಿಸಕ್ಕನೆ ನಕ್ಕಳು. ಫಕೀರಪ್ಪನೂ ನಕ್ಕ. ನನ್ನ ಕೈ ಮುದಕಪ್ಪನ ಕೈಯ ಪಕ್ಕದಲ್ಲೇ ಇತ್ತು. ತೊಡೆ ಸಡಿಲವಾದದ್ದು ಇಬ್ಬರಿಗೂ ತಿಳಿಯಿತು.

"ಈಗ ಎಳಿ."

ಎಲುಬು ಜಾರಿತು. ಮುದಕಪ್ಪ ಕೆಂಡ ಮುಟ್ಟಿದವನ ಹಾಗೆ ಕೈ ತೆಗೆದ. ಕೂತಲ್ಲೇ ಕೂತು ತನ್ನ ಅಂಗೈ ನೋಡಿಕೊಂಡ. ಆಮೇಲೆ, "ಇದರ ಮ್ಯಾಲೆ ನೀ ಮೂರ ವಾರ ಚೀಲ ಹೊತ್ತಿ ಏನಲೇ?" ಎಂದ.

"ನೀನ ಚೀಟಿ ಓದಿದೆಲ್ಲೋ ಮಾವಾ" ಎಂದ ಫಕೀರಪ್ಪ. ನನ್ನ ಕಡೆ ನೋಡಲಿಲ್ಲ.

ಗ್ಯಾಂಗು ಅವನ ಜಾಗ ಉಳಿಸಿತು. ಕಾಲಗಂಟು ಕೂಡಿದ ಮೇಲೆ ಕೂತು ಚೀಲದ ಬಾಯಿ ಹೊಲಿಯುವ ಕೆಲಸ ಕೊಟ್ಟರು. ಹುಬ್ಬಳ್ಳಿಗೆ ಹೋಗಿ ಹೊಸ ಬಂಧ ಹಾಕಿಸಿಕೋ ಎಂದು ನಾನು ಎರಡು ಸಲ ಹೇಳಿದೆ. "ಇನ್ನೊಬ್ಬರ ಮಾತ ನಂಬಿ ಕಾಲ ಕೊಡಂಗಿಲ್ರಿ" ಎಂದ. ಒತ್ತಾಯಿಸುವ ಮುಖ ನನಗಿರಲಿಲ್ಲ.

ಈಗ ಎಂಆರ್‌ಐ ಬಂದಿದೆ. ಬಂಧ ಹರಿದದ್ದು ಚಿತ್ರದಲ್ಲಿ ಕಾಣುತ್ತದೆ. ಹೊಸ ಹುಡುಗರು ಕೀಲು ಹಿಡಿಯುವ ಮೊದಲೇ ಚಿತ್ರ ತರಲು ಹೇಳುತ್ತಾರೆ. ತರಲಾಗದವರು ಇನ್ನೂ ಬರುತ್ತಾರೆ, ಅವರನ್ನು ಕೈಯಿಂದಲೇ ನೋಡಬೇಕು. ಅವರಿಗಾಗಿ ಹೇಳುತ್ತೇನೆ: ಬಾಗಿಲು ಹಾಕಿ. ನೋವಿಲ್ಲದ ಕಾಲನ್ನು ಮೊದಲು ಹಿಡಿಯಿರಿ. ತೊಡೆ ಮೆತ್ತಗಾಗುವವರೆಗೆ ಕಾಯಿರಿ. ಮೆತ್ತಗಾಗದಿದ್ದರೆ ನಿಮಗೆ ಏನೂ ತಿಳಿದಿಲ್ಲ ಎಂದೇ ಬರೆಯಿರಿ. ಅನುಮಾನ ಬೇಡ ಎನ್ನಲಾರೆ, ನನ್ನದು ಇನ್ನೂ ಹೋಗಿಲ್ಲ. ಆದರೆ ಅದನ್ನು ಮೊದಲು ನಿಮ್ಮ ಕೈಯ ಮೇಲೆ ಇಡಿ.

ನಿವೃತ್ತಿಯ ಹಿಂದಿನ ವಾರ ಆ ಪೇಟೆಗೆ ಹೋಗಿದ್ದೆ. ಫಕೀರಪ್ಪ ಬೇವಿನ ಗಿಡದ ಕೆಳಗೆ ದಬ್ಬಣ ಹಿಡಿದು ಕೂತಿದ್ದ. ಕೂದಲು ಬೆಳ್ಳಗಾಗಿತ್ತು. ಚಹಾ ತರಿಸಿದ. ಮಕ್ಕಳ ವಿಷಯ ಹೇಳಿದ, ನಕ್ಕ. ನನ್ನ ಮೇಲೆ ಸಿಟ್ಟಿನ ಗುರುತು ಎಲ್ಲೂ ಕಾಣಲಿಲ್ಲ. ಹೊರಡುವ ಮುಂಚೆ, ಮೊಣಕಾಲು ಒಮ್ಮೆ ನೋಡಲೇ ಎಂದು ಕೇಳಿದೆ.

"ನೋಡ್ರಿ, ಅದಕ್ಕೇನ" ಎಂದು ಕಾಲು ಚಾಚಿದ.

ತೊಡೆಯ ಕೆಳಗೆ ಕೈ ಇಟ್ಟೆ. ಅವನು ಇನ್ನೂ ನಗುತ್ತಲೇ ಇದ್ದ. ಕೈ ತಾಗಿದೊಡನೆ ತೊಡೆ ಕಲ್ಲಾಯಿತು. ಕಾದೆ. ಅವನು ಮಗಳ ಮದುವೆಯ ಮಾತು ತೆಗೆದ. ಮತ್ತೂ ಕಾದೆ. ಸಡಿಲವಾಗಲಿಲ್ಲ.

"ಬಿಡ್ರಿ ಅಕ್ಕಾರ," ಎಂದ ಮೆಲ್ಲಗೆ. "ನಾ ಮರತೇನ್ರಿ. ಕಾಲಿಗೆ ನಿಮ್ಮ ಕೈ ಗುರ್ತ ಐತಿ."

ಕೈ ತೆಗೆದೆ. ಅವನು ದಬ್ಬಣಕ್ಕೆ ದಾರ ಪೋಣಿಸಿಕೊಂಡ.